ನಮ್ಮ ತಾಂಡಾದ ನೀರಿಗೆ ನಾನೇ ಬರೆದ ವರದಿ

ನಿವೃತ್ತಿಯ ದಿನ ಪ್ರಯೋಗಾಲಯದ ಬೀಗದ ಕೈ, ನಾಲ್ಕು ರಿಜಿಸ್ಟರು ಮತ್ತು ಗೋಡೆಯ ಕಪಾಟಿನ ಗಾಜಿನ ಸಾಮಾನುಗಳ ಪಟ್ಟಿಯನ್ನು ರೇಷ್ಮಾಳ ಕೈಗೆ ಒಪ್ಪಿಸಿದೆ. ರೇಷ್ಮಾ ಬೆಟಗೇರಿಯ ಹುಡುಗಿ. ರಸಾಯನಶಾಸ್ತ್ರ ಓದಿ ನನ್ನ ಜಾಗಕ್ಕೆ ಬಂದವಳು. “ಮೇಡಂ, ಪುಸ್ತಕದಾಗಿಂದೆಲ್ಲಾ ಓದೇನ್ರಿ. ಪುಸ್ತಕದಾಗ ಇರಲಾರದ್ದು ಏನರ ಇದ್ರ ಹೇಳಿ ಹೋಗ್ರಿ” ಅಂದಳು. ಆ ಹೊತ್ತಿಗೆ ನನಗೇನೂ ತೋಚಲಿಲ್ಲ. ಹಾರ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಮನೆಯಲ್ಲಿ ಸುಮ್ಮನೆ ಕುಳಿತ ಮೇಲೆ ಒಂದೊಂದೇ ನೆನಪಾಗತೊಡಗಿತು. ಬಡ್ತಿ, ವರ್ಗಾವಣೆಗಳ ಸಂಗತಿ ನನ್ನ ಸೇವಾ ಪುಸ್ತಕದಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಇಲ್ಲದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಹೆಸರು ಸೋನಾಬಾಯಿ. ಮುಂಡರಗಿ ತಾಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿಗೆ ಹೊಂದಿಕೊಂಡ ಒಂದು ಲಂಬಾಣಿ ತಾಂಡಾದವಳು. ನಮ್ಮ ತಾಂಡಾದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಗದಗಿನ ಕಾಲೇಜಿಗೆ ಸೇರಿದಾಗ ನನಗಿದ್ದ ದೊಡ್ಡ ಚಿಂತೆ ಓದಿನದ್ದಲ್ಲ, ಹಲ್ಲಿನದ್ದು. ನನ್ನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿದ್ದವು. ಬೇವಿನ ಕಡ್ಡಿಯಿಂದ ಉಜ್ಜಿದೆ, ಇದ್ದಿಲಿನಿಂದ ಉಜ್ಜಿದೆ, ಉಪ್ಪಿನಿಂದ ಉಜ್ಜಿದೆ. ವಸಡಿನಿಂದ ರಕ್ತ ಬಂತು, ಬಣ್ಣ ಹೋಗಲಿಲ್ಲ. ಹಾಸ್ಟೆಲಿನ ಹುಡುಗಿಯರು ನಾನು ತಂಬಾಕು ತಿನ್ನುತ್ತೇನೆ ಅಂದುಕೊಂಡಿದ್ದರು. ಹೀಗಾಗಿ ನಗು ಬಂದಾಗ ಸೆರಗು ಬಾಯಿಗೆ ಹಿಡಿಯುವುದು ರೂಢಿಯಾಯಿತು. ತಾಂಡಾದಲ್ಲಿ ನನ್ನ ಓರಗೆಯವರ ಹಲ್ಲೆಲ್ಲ ಹಾಗೇ ಇದ್ದವು. ಅಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಊರು ಬಿಟ್ಟ ಮೇಲೆಯೇ ಅದೊಂದು ಕುಂದು ಎಂದು ನನಗೆ ತಿಳಿದದ್ದು.

ಡಿಗ್ರಿ ಮುಗಿಸಿ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಪ್ರಯೋಗಾಲಯ ಎಂದರೆ ಆಗ ಒಂದು ಹಳೆಯ ಕಟ್ಟಡದ ಹಿಂಬದಿಯ ಎರಡು ಕೋಣೆ. ರೈಲು ಬಂದಾಗ ಕಪಾಟಿನಲ್ಲಿದ್ದ ಗಾಜಿನ ಸಾಮಾನು ಕಿಣಿಕಿಣಿ ಎನ್ನುತ್ತಿತ್ತು. ಅಲ್ಲಿನ ಹಿರಿಯರು ದೇಸಾಯಿ ಸರ್. ತೆಳ್ಳನೆಯ, ಬಿಳಿ ಅಂಗಿಯ ಮನುಷ್ಯ. ಅವರು ಮೊದಲ ತಿಂಗಳು ನನ್ನ ಕೈಗೆ ಯಾವ ಪರೀಕ್ಷೆಯನ್ನೂ ಕೊಡಲಿಲ್ಲ. ಬಾಟಲಿ ತೊಳೆಸಿದರು. ನನಗೆ ಸಿಟ್ಟು ಬಂದಿತ್ತು, ನನ್ನ ಜಾತಿ ನೋಡಿ ಹೀಗೆ ಮಾಡಿಸುತ್ತಾರೆ ಅನಿಸಿತ್ತು. ಆಮೇಲೆ ತಿಳಿಯಿತು, ಬಂದವರೆಲ್ಲರಿಂದಲೂ ಅವರು ಬಾಟಲಿ ತೊಳೆಸುತ್ತಿದ್ದರು. ಅವರೂ ದಿನ ಬಿಟ್ಟು ದಿನ ತೊಳೆಯುತ್ತಿದ್ದರು.

ಫ್ಲೋರೈಡ್ ಪರೀಕ್ಷೆಯನ್ನು ಅವರಿಂದಲೇ ಕಲಿತೆ. ನೆಲದಾಳದ ಕಲ್ಲಿನಿಂದ ಕರಗಿ ನೀರಿಗೆ ಸೇರುವ ಲವಣ ಅದು. ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದು. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲು ಕೆಡುತ್ತದೆ, ವರ್ಷಗಟ್ಟಲೆ ಕುಡಿದವರ ಎಲುಬು ಗಡುಸಾಗಿ ಬಾಗುತ್ತದೆ. ಆ ಕಾಲದ ವಿಧಾನದಲ್ಲಿ ನೀರಿಗೆ ಒಂದು ಕೆಂಪು ದ್ರಾವಣ ಹಾಕುತ್ತಿದ್ದೆವು. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಮಾಸುತ್ತದೆ. ಮಾಸಿದ ಬಣ್ಣವನ್ನು ಫ್ಲೋರೈಡಿನ ಅಳತೆ ಮೊದಲೇ ಗೊತ್ತಿದ್ದ ನೀರಿನ ಬಣ್ಣದೊಂದಿಗೆ ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸಬೇಕು. ಸರ್ ಇದನ್ನು ವಿವರಿಸುತ್ತ, “ಸಣ್ಣ ಮಕ್ಕಳ ಹಲ್ಲಿನ ಮ್ಯಾಲ ಕಂದು ಪಟ್ಟಿ ಬಂದಿರತಾವ” ಎಂದು ಹೇಳಿದವರು ನನ್ನ ಮುಖ ನೋಡಿ ತಟ್ಟನೆ ಸುಮ್ಮನಾದರು. ನಾನು ಬಾಯಿಗೆ ಸೆರಗು ಹಿಡಿದಿದ್ದೆ. ಅಂದು ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅತ್ತೆ. ಅತ್ತದ್ದು ದುಃಖಕ್ಕಲ್ಲ. ಇಷ್ಟು ವರ್ಷ ಅದು ನನ್ನ ಕೊಳಕುತನ ಅಂದುಕೊಂಡಿದ್ದೆ. ಅಲ್ಲ ಎಂದು ಒಬ್ಬರು ಹೇಳಿದ್ದರು.

ಕಲಿತ ಉಮೇದಿಯಲ್ಲಿ ಎಡವಿದ್ದನ್ನೂ ಹೇಳಬೇಕು. ಒಂದು ಪ್ರಾಥಮಿಕ ಶಾಲೆಯ ತೊಟ್ಟಿಯ ನೀರು ಪರೀಕ್ಷೆಗೆ ಬಂತು. ದ್ರಾವಣ ಹಾಕಿದೆ. ಕೆಂಪು ನೋಡನೋಡುತ್ತಲೇ ಹಾರಿಹೋಯಿತು. ಅಷ್ಟು ಫ್ಲೋರೈಡನ್ನು ನಾನು ಕಂಡೇ ಇರಲಿಲ್ಲ. ಸರ್ ಅಂದು ರಜೆಯಲ್ಲಿದ್ದರು. ಅವರಿಗೆ ಕಾಯದೆ ಶಾಲೆಗೆ ಖಬರು ಕಳಿಸಿಬಿಟ್ಟೆ. ಹೆಡ್ ಮಾಸ್ತರರು ಗಾಬರಿಯಾಗಿ ತೊಟ್ಟಿಗೆ ಬೀಗ ಹಾಕಿಸಿದರು. ಎರಡು ದಿನ ಮಕ್ಕಳು ಮನೆಯಿಂದ ಬಾಟಲಿ ಹೊತ್ತು ತಂದರು. ರಜೆ ಮುಗಿಸಿ ಬಂದ ಸರ್ ಮಿಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ ನನ್ನ ಮುಂದೆ ಹಿಡಿದರು.

“ಏನ ವಾಸನಿ ಬರಾಕತ್ತೈತಿ?”

“ಬ್ಲೀಚಿಂಗ್ ಪೌಡರ್ ರೀ ಸರ್.”

“ಬಣ್ಣ ಹಾರಿಸಿದ್ದು ಅದು. ಮೊದಲ ಕ್ಲೋರಿನ್ ಕಳದು ಆಮ್ಯಾಲ ನೋಡಬೇಕಂತ ಹೇಳಿದ್ನಿಲ್ಲೋ?”

ಹೇಳಿದ್ದರು. ಒಂದು ಹನಿ ಔಷಧ ಮೊದಲು ಹಾಕಬೇಕಿತ್ತು, ಮರೆತಿದ್ದೆ. ಕ್ಲೋರಿನ್ ಕಳೆದು ನೋಡಿದರೆ ನೀರು ಒಳ್ಳೆಯದಿತ್ತು. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ನನ್ನನ್ನು ಆ ಶಾಲೆಗೇ ಕಳಿಸಿದರು. ಹೆಡ್ ಮಾಸ್ತರರ ಎದುರು, ಏಳನೇ ತರಗತಿಯ ಮಕ್ಕಳ ಎದುರು ನಿಂತು, “ತಪ್ಪು ನಂದು, ನಿಮ್ಮ ನೀರು ಚಲೋ ಐತಿ” ಎಂದು ಹೇಳಿ ಬಂದೆ. ನಾಚಿಕೆಯಿಂದ ಕಿವಿ ಕೆಂಪಾಗಿದ್ದವು. ಆಮೇಲೆ ಎಷ್ಟೇ ಅವಸರವಿದ್ದರೂ ಬಾಟಲಿಯನ್ನು ಮೂಸದೆ ಪರೀಕ್ಷೆಗೆ ಇಟ್ಟವಳಲ್ಲ.

ಪ್ರಯೋಗಾಲಯದ ಹೊರಗಿನ ಕೆಲಸ ಕಲಿಸಿದವರು ಜೀಪಿನ ಡ್ರೈವರ್ ಮೌಲಾಸಾಬ್. ಲಕ್ಷ್ಮೇಶ್ವರದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನನ್ನನ್ನು “ಬಾಯಿ” ಎಂದು ಕರೆಯುತ್ತಿದ್ದರು, ನಾನು “ಚಾಚಾ” ಎನ್ನುತ್ತಿದ್ದೆ. ಶಿರಹಟ್ಟಿಯ ಕಡೆ ಯಾವ ಹಳ್ಳಿಯ ಯಾವ ಬಾವಿಗೆ ಯಾವ ದಾರಿಯಲ್ಲಿ ಹೋದರೆ ಗಾಲಿ ಹೂಳುವುದಿಲ್ಲ, ಮುಂಡರಗಿಯ ಎರೆ ಹೊಲದಲ್ಲಿ ಮಳೆ ಬಿದ್ದ ಎಷ್ಟು ದಿನಕ್ಕೆ ಜೀಪು ಇಳಿಸಬಹುದು, ಎಲ್ಲ ಅವರ ತಲೆಯಲ್ಲಿತ್ತು. ಮಧ್ಯಾಹ್ನ ಯಾವುದಾದರೂ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಅವರ ಹೆಂಡತಿಯ ತವರು ಕಣಗಿನಹಾಳದ ಕಡೆ. ಆಕೆ ಮಾಡಿದ ಜೋಳದ ರೊಟ್ಟಿ ಕಾಗದದ ಹಾಗೆ ತೆಳ್ಳಗಿರುತ್ತಿತ್ತು. ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ. ಅಷ್ಟು ರುಚಿಯ ಊಟ ಆಮೇಲೆ ನನಗೆ ಯಾವ ಹೋಟೆಲಿನಲ್ಲೂ ಸಿಗಲಿಲ್ಲ.

ಒಮ್ಮೆ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯದ ನೀರು ತಂದು ಪರೀಕ್ಷಿಸಿದೆವು. ನೀರು ಬಹಳ ಒಳ್ಳೆಯದಿತ್ತು. ಅದೇ ವಾರ ನಾವು ತಂದ ಐದು ಬೋರಿನ ನೀರು ಕೆಟ್ಟಿತ್ತು. ಮೌಲಾಸಾಬ್ ಸ್ಟೇರಿಂಗ್ ಹಿಡಿದುಕೊಂಡೇ, “ಬಾಯಿ, ಚಿರತಿ ಪಾಸಾತು, ಮಂದಿ ಫೇಲಾದ್ರು ನೋಡ್ರಿ” ಅಂದರು. ನಕ್ಕೆವು. ಸ್ವಲ್ಪ ದೂರ ಹೋದ ಮೇಲೆ ಇಬ್ಬರಿಗೂ ನಗು ಉಳಿಯಲಿಲ್ಲ.

ಲಕ್ಷ್ಮೇಶ್ವರದ ಆಚೆ ಒಂದು ಹಳ್ಳಿ. ಹೆಸರು ಬೇಡ. ವಾಂತಿಭೇದಿ ಹರಡಿದೆ ಎಂದು ಬಾವಿಯ ನೀರು ತರಲು ಹೋದೆವು. ರೋಗಾಣು ಪರೀಕ್ಷೆಯ ಬಾಟಲಿಯನ್ನು ಮೊದಲೇ ಬಿಸಿ ಹಬೆಯಲ್ಲಿಟ್ಟು ಶುದ್ಧ ಮಾಡಿ, ಕಾಗದ ಸುತ್ತಿ ಒಯ್ಯುತ್ತೇವೆ. ಅದರ ಬಾಯಿಗೆ ಬೆರಳು ತಾಗಕೂಡದು. ಬಾವಿಯ ಕಟ್ಟೆಯ ಹತ್ತಿರ ಹೋಗುತ್ತಿದ್ದಂತೆ ಒಬ್ಬ ಹಿರಿಯರು ನನ್ನ ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ, “ನೀವು ಕಟ್ಟಿ ಏರಬ್ಯಾಡ್ರಿ. ನಾವ ತುಂಬಿ ಕೊಡ್ತೇವಿ” ಅಂದರು. ದನಿ ಮೆತ್ತಗೇ ಇತ್ತು. ನಾನು ಹೊಸಬಳು, ಬಾಟಲಿ ಕೊಟ್ಟುಬಿಟ್ಟೆ. ಅವರ ಕಡೆಯವನೊಬ್ಬ ಅದರ ಬಾಯಿಗೆ ಹೆಬ್ಬೆಟ್ಟು ಹಾಕಿ ಹಿಡಿದು ತುಂಬಿಸಿದ. ನೋಡಿದೆ. ಆದರೂ ಮುಚ್ಚಳ ಹಾಕಿ ಜೀಪಿನಲ್ಲಿಟ್ಟೆ.

ಪರೀಕ್ಷೆಯಲ್ಲಿ ರೋಗಾಣು ಲೆಕ್ಕಕ್ಕೆ ಸಿಗದಷ್ಟು. ದೇಸಾಯಿ ಸರ್ ಕೇಳಿದರು: “ಯಾರು ತುಂಬಿದ್ರು?” ಹೇಳಲೇಬೇಕಾಯಿತು. ಅವರು, “ಇದು ಬಾವಿ ವರದಿ ಅಲ್ಲ, ಅವನ ಹೆಬ್ಬೆಟ್ಟಿನ ವರದಿ. ನಾಳೆ ಹೋಗು. ನೀನ ತುಂಬಿಕೊಂಡು ಬಾ. ತುಂಬಾಕ ಬಿಡದಿದ್ರ ಖಾಲಿ ಬಾಟಲಿ ತಗೊಂಡ ಬಾ, ನಾ ಹಾಂಗ ಬರೀತೇನಿ” ಅಂದರು.

ಮರುದಿನ ಹೋದೆ. ಮೌಲಾಸಾಬ್ ಯಾವಾಗಲೂ ಜೀಪಿನಲ್ಲೇ ಕೂಡುವವರು, ಅಂದು ಇಳಿದು ನನ್ನ ಹಿಂದೆ ಬಂದು ನಿಂತರು. ನಾನು ಹೇಳಿದೆ: “ಈ ಬಾಟಲಿ ಬಾಯಿಗೆ ನನ್ನ ಬೆರಳೂ ತಾಗಂಗಿಲ್ಲ, ನಿಮ್ಮದೂ ತಾಗಬಾರದು. ಹಿಡಿಯೋದು ನನಗ ಕಲಿಸ್ಯಾರ. ನಾ ಏರಬೇಕು.” ಯಾರೂ ಜಾಗ ಬಿಡಲಿಲ್ಲ. ಆಗ ಒಬ್ಬ ಮುದುಕಿ ಮುಂದೆ ಬಂದಳು. ಆಕೆಯ ಮೊಮ್ಮಗಳು ಮೂರು ದಿನದಿಂದ ಆಸ್ಪತ್ರೆಯಲ್ಲಿದ್ದಳು.

“ಏರಲಿ ಬಿಡ್ರೋ. ಹುಡುಗಿ ಅಲ್ಲಿ ಸಾಯಾಕತ್ತೈತಿ, ಇವರದೊಂದು ಕಟ್ಟಿ.”

ಏರಿದೆ. ಬಾಟಲಿಯನ್ನು ಕಲಿಸಿದ ಹಾಗೆಯೇ ಹಿಡಿದು ತುಂಬಿದೆ. ಬಾವಿ ಕೆಟ್ಟಿದ್ದು ನಿಜವಿತ್ತು. ಪಕ್ಕದ ತಿಪ್ಪೆಗುಂಡಿಯ ನೀರು ಒಳಗೆ ಬಸಿಯುತ್ತಿತ್ತು. ಗುಂಡಿ ದೂರ ಸರಿಸಿ ಔಷಧ ಹಾಕಿಸಿದರು, ಆ ಹುಡುಗಿಯೂ ಉಳಿದಳು. ಮೂರನೆಯ ಸಲ ಹೋದಾಗ ಚಹಾ ಕೊಟ್ಟರು. ಎಲ್ಲರಿಗೂ ಬಸಿ-ಕಪ್ಪು, ನನಗೆ ಮಾತ್ರ ಗಾಜಿನ ಲೋಟ. ನಾನು ಕುಡಿದೆ. ಮೌಲಾಸಾಬ್ ತಮ್ಮ ಕಪ್ಪನ್ನು ಮುಟ್ಟಲಿಲ್ಲ. “ನನಗ ಸಕ್ಕರಿ ಬ್ಯಾನಿ ಐತ್ರಿ” ಅಂದರು. ದಿನಕ್ಕೆ ಆರು ಚಹಾ ಕುಡಿಯುವ ಮನುಷ್ಯ. ವಾಪಸ್ ಬರುವಾಗ ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹತ್ತಿರ ಜೀಪು ನಿಲ್ಲಿಸಿ ಎರಡು ಚಹಾ ತರಿಸಿದರು.

ಈಗ ವಿಧಾನಗಳು ಬದಲಾಗಿವೆ. ಕೆಂಪು ದ್ರಾವಣದ ಜಾಗಕ್ಕೆ ಮೀಟರು ಬಂತು. ಕಡ್ಡಿ ಅದ್ದಿದರೆ ಅಂಕಿ ಬರುತ್ತದೆ. ಆಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೇ ಪರೀಕ್ಷೆಯ ಪೆಟ್ಟಿಗೆ ಕೊಟ್ಟರು. ಫೋಟೋ, ಜಾಗದ ಗುರುತು, ಎಲ್ಲ ಮೊಬೈಲಿನಲ್ಲೇ ಹೋಗುತ್ತದೆ. ಒಳ್ಳೆಯದೇ ಆಯಿತು. ನಾವು ವರ್ಷಕ್ಕೆ ಒಮ್ಮೆ ಮುಟ್ಟುತ್ತಿದ್ದ ಬೋರನ್ನು ಈಗ ಅವರೇ ಬೇಕೆಂದಾಗ ನೋಡಿಕೊಳ್ಳುತ್ತಾರೆ. ಆದರೂ ಕಿಟಕಿಯ ಪಕ್ಕ ಸಾಲಾಗಿ ನಿಲ್ಲಿಸಿದ ಗಾಜಿನ ನಳಿಗೆಗಳು, ಅವುಗಳಲ್ಲಿ ದಾಸವಾಳದಿಂದ ಹಿಡಿದು ಮಾಸಿದ ಗುಲಾಬಿಯವರೆಗೆ ಇಳಿಯುತ್ತ ಹೋಗುವ ಕೆಂಪು, ಅದರ ಹಿಂದೆ ಬೆಳಗಿನ ಬಿಸಿಲು. ಅದು ನೆನಪಾದರೆ ಈಗಲೂ ಜೀವ ಅಲ್ಲಿಗೆ ಎಳೆಯುತ್ತದೆ. ರೇಷ್ಮಾಳಿಗೆ ಅದನ್ನು ತೋರಿಸಬೇಕೆಂದು ಹಳೆಯ ದ್ರಾವಣ ಹುಡುಕಿದ್ದೆ. ಸೀಸೆಯ ತಳದಲ್ಲಿ ಒಣಗಿ ಹೋಗಿತ್ತು.

ಇನ್ನು ನಮ್ಮ ತಾಂಡಾದ ಸಂಗತಿ.

ಕೆಲಸಕ್ಕೆ ಸೇರಿ ಮೂರನೆಯ ವರ್ಷ ಮುಂಡರಗಿ ತಾಲೂಕಿನ ತಾಂಡಾಗಳ ಪಟ್ಟಿ ಬಂತು. ಅದರಲ್ಲಿ ನಮ್ಮದೂ ಇತ್ತು. ದೇಸಾಯಿ ಸರ್, “ಬ್ಯಾರೇದವರನ್ನ ಕಳಸ್ಲೇನು?” ಎಂದು ಕೇಳಿದರು. ಬೇಡ ಅಂದೆ. ನಾನೇ ಹೋಗಿ ನಮ್ಮ ಮನೆಯ ಎದುರಿನ ಬೋರಿನಿಂದ ನೀರು ತಂದೆ, ನಾನೇ ದ್ರಾವಣ ಹಾಕಿದೆ. ಮೊದಲು ಮೂಸಿ ನೋಡಿದ್ದೆ, ಕ್ಲೋರಿನ್ ಇರಲಿಲ್ಲ. ಕೆಂಪು ಮಾಸಿ ತಿಳಿ ಹಳದಿಗೆ ತಿರುಗಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಮಿತಿಗಿಂತ ಬಹಳ ಮೇಲಿತ್ತು. ಹಾಗೇ ವರದಿ ಬರೆದು ಸಹಿ ಹಾಕಿದೆ.

ಅಂಥ ಬೋರುಗಳಿಗೆ ಕೆಂಪು ಬಣ್ಣ ಬಳಿದು, ಕುಡಿಯಲು ಯೋಗ್ಯವಲ್ಲ ಎಂದು ಬರೆಸುವುದು ಪದ್ಧತಿ. ಎರಡು ವಾರ ಬಿಟ್ಟು ನಾನು ಊರಿಗೆ ಹೋದೆ. ಬೋರಿಗೆ ಕೆಂಪು ಬಣ್ಣ ಬಳಿದಿದ್ದರು. ತಾಂಡಾದವರು ಅದರ ಹಿಡಿಕೆಗೆ ಚೆಂಡು ಹೂವಿನ ಮಾಲೆ ಹಾಕಿದ್ದರು, ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಿದ್ದರು. ನನ್ನ ತಂದೆಯ ತಮ್ಮ ಲಾಲಪ್ಪ ಕಾಕಾ ತಾಂಡಾದ ನಾಯಕ. ನನ್ನನ್ನು ನೋಡಿ ಹಿಗ್ಗಿದ. ನಾವು ಮಾತಾಡಿದ್ದು ಲಂಬಾಣಿಯಲ್ಲಿ. ಇಲ್ಲಿ ನಮ್ಮ ಸೀಮೆಯ ಕನ್ನಡದಲ್ಲೇ ಬರೆಯುತ್ತೇನೆ.

“ಸರಕಾರದವರು ಬಂದು ನಮ್ಮ ಬೋರಿಗೆ ಹೊಸಾ ಬಣ್ಣ ಹಚ್ಚಿ ಹ್ವಾದ್ರು. ನೀನ ಹೇಳಿ ಹಚ್ಚಿಸೀಯಲ್ಲಾ? ಶಾಣ್ಯಾಕಿ!”

ಬರೆದದ್ದನ್ನು ಓದಬಲ್ಲವರು ತಾಂಡಾದಲ್ಲಿ ಹೆಚ್ಚಿರಲಿಲ್ಲ. ಓದಬಲ್ಲವರು ಕಬ್ಬು ಕಡಿಯಲು ಹೋಗಿದ್ದರು. ಕೆಂಪು ನಮಗೆ ಹಬ್ಬದ ಬಣ್ಣ, ಮದುವಣಗಿತ್ತಿಯ ಬಣ್ಣ. ಇದು ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವರಿಗೆ ಹೊಳೆಯದಿದ್ದರೆ ಹೋಗಲಿ, ಆ ತಾಂಡಾದಲ್ಲೇ ಹುಟ್ಟಿದ ನನಗೂ ಹೊಳೆಯಲಿಲ್ಲ. ನಿಜ ಹೇಳಿದೆ. ಈ ನೀರು ಕುಡಿಯಬೇಡಿ ಅಂದೆ. ಹಿಗ್ಗಿದ್ದ ಮುಖ ಕಲ್ಲಾಯಿತು.

“ಈ ಬೋರು ಬರಲಿ ಅಂತ ನಿಮ್ಮಪ್ಪ ಮುಂಡರಗಿ ಕಚೇರಿಗೆ ಎಷ್ಟ ಸಲ ನಡಕೊಂತ ಹೋಗ್ಯಾನ, ಗೊತ್ತೈತೇನ ನಿನಗ? ನೀರ ಬಿದ್ದ ದಿವಸ ನಿನ್ನ ಹೆಗಲ ಮ್ಯಾಲ ಕೂಡಿಸಿಕೊಂಡು ಕುಣದಾನ. ಇದನ್ನ ಕುಡದ ನೀ ಸಾಲಿ ಕಲಿತಿ.”

“ಕುಡದ ನನ್ನ ಹಲ್ಲು ಹಿಂಗಾಗ್ಯಾವ, ಕಾಕಾ.”

“ಹಲ್ಲಿನಿಂದ ಏನಾತು? ನೌಕರಿ ತಪ್ಪಿತೇನು?” ಎಂದವನು ಸ್ವಲ್ಪ ತಡೆದು ಕೇಳಿದ: “ಆತು, ಇದು ಬ್ಯಾಡ. ಯಾವುದು ಕುಡಿಯೋಣ? ಅದನ್ನರ ಹೇಳಿ ಹೋಗು.”

ಯಾವುದು ಬೇಡ ಎಂದು ಹೇಳುವುದನ್ನಷ್ಟೇ ನಾನು ಕಲಿತಿದ್ದೆ.

ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಯಾಡಿ ಗುಡಿಸಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮಲ್ಲಿ ತಾಯಿಗೆ ಯಾಡಿ ಅನ್ನುತ್ತೇವೆ. ಆಕೆಗೆ ಆಗ ಐವತ್ತರ ಆಸುಪಾಸು. ಬೆನ್ನು ಆಗಲೇ ಬಾಗಿತ್ತು, ಕತ್ತು ಹೊರಳಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಕೂಲಿ ಮಾಡಿ ಹಾಗಾಗಿದೆ ಎಂದು ಎಲ್ಲರ ಎಣಿಕೆ. ನಾನು ಹೊರಟು ನಿಂತಾಗ ಎಂದಿನಂತೆ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿ ಮುಂದೆ ಹಿಡಿದಳು. ನಾನು ಕೈ ಚಾಚಲಿಲ್ಲ. ಆಕೆ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಆ ತಂಬಿಗೆಯನ್ನು ತಾನೇ ಎತ್ತಿ ಕೊನೆಯ ಹನಿಯವರೆಗೂ ಕುಡಿದಳು.

ಅದಾದ ಮೇಲೆ ಬಹಳ ದಿನ ಊರಿಗೆ ಹೋಗುವ ಧೈರ್ಯವಾಗಲಿಲ್ಲ. ಬೋರಿನ ಬಣ್ಣವನ್ನು ಕೆರೆದು ತೆಗೆದರೆಂದು ಕೇಳಿದೆ. ‘ಓದಿಸಿದ್ದಕ್ಕ ಮಗಳು ನಮ್ಮ ನೀರ ಕಸಗೊಂಡಳು’ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದೆ, ಮನಸ್ಸು ಮಾತ್ರ ಅಲ್ಲಿರುತ್ತಿರಲಿಲ್ಲ. ದೇಸಾಯಿ ಸರ್ ಗಮನಿಸಿದ್ದರು.

ಬೇಸಿಗೆ ಶುರುವಾಗಿತ್ತು. ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಕಾಲಬಳೆಯ ಸದ್ದಾಯಿತು. ತಿರುಗಿದರೆ ಯಾಡಿ. ಕನ್ನಡಿ ಕೂಡಿಸಿದ ಕುಪ್ಪಸ, ಕೆಂಪು ಲಂಗ, ತಲೆಯ ಮೇಲೆ ಸೆರಗು. ಕಂಕುಳಲ್ಲಿ ಒಂದು ಗಂಟು. ಮುಂಡರಗಿಯವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ, ದಾರಿ ಕೇಳುತ್ತ ಕೇಳುತ್ತ ಒಬ್ಬಳೇ ಬಂದಿದ್ದಳು. ಗಂಟು ಬಿಚ್ಚಿ ಎರಡು ಸೀಸೆಗಳನ್ನು ಮೇಜಿನ ಮೇಲಿಟ್ಟಳು. ಅವುಗಳ ಬಾಯಿಗೆ ಅರಿವೆ ಸುತ್ತಿ ದಾರ ಕಟ್ಟಿದ್ದಳು.

“ನೀ ನೋಡಿದ್ದನ್ನ ನಾನೂ ನೋಡಬೇಕು. ತೋರಿಸು” ಅಂದಳು.

ದೇಸಾಯಿ ಸರ್ ತಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಟ್ಟರು. “ಬರ್ರಿ ಅವ್ವಾರ, ಇಲ್ಲಿ ಕುಂಡ್ರಿ. ಬೆಳಕಿಗೆ ಚಲೋ ಕಾಣತೈತಿ.”

ಮೂರು ನಳಿಗೆ ನಿಲ್ಲಿಸಿದೆ. ಒಂದರಲ್ಲಿ ಬಟ್ಟಿ ಇಳಿಸಿದ ಶುದ್ಧ ನೀರು, ಇನ್ನೊಂದರಲ್ಲಿ ಬೋರಿನದ್ದು, ಮೂರನೆಯದರಲ್ಲಿ ಆಕೆಯ ಎರಡನೆಯ ಸೀಸೆಯದ್ದು. ಅದು ಎಲ್ಲಿಯ ನೀರೆಂದು ಕೇಳಿದರೆ, “ಮೊದಲ ನೋಡು” ಅಂದಳು. ದ್ರಾವಣ ಹಾಕಿದೆ. ಮೊದಲನೆಯದು ದಾಸವಾಳದಂತೆ ಕೆಂಪಗೇ ಉಳಿಯಿತು. ಬೋರಿನ ನೀರಿನಲ್ಲಿ ಕೆಂಪು ಇಳಿಯುತ್ತ ಇಳಿಯುತ್ತ ಹಳದಿಯಾಯಿತು. ಯಾಡಿ ಬಾಗಿದ ಬೆನ್ನನ್ನು ಇನ್ನೂ ಬಾಗಿಸಿ, ಮೂಗು ನಳಿಗೆಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

“ಬಣ್ಣ ಎಲ್ಲಿ ಹೋತು?”

“ನೀರಾಗಿರೋದು ತಿಂತು, ಯಾಡಿ.”

“ಮೈಯಾಗ ಹೋದ ಮ್ಯಾಲ ಏನ ಮಾಡತೈತಿ?”

“ಎಲುಬಿನ್ಯಾಗ ಹೋಗಿ ಕುಂಡ್ರತೈತಿ.”

ಆಕೆ ಒಂದು ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡಳು. ಸರ್ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದರು.

ಮೂರನೆಯ ನಳಿಗೆಯ ಕೆಂಪು ಹೆಚ್ಚು ಮಾಸಿರಲಿಲ್ಲ. ಶುದ್ಧ ನೀರಿಗಿಂತ ಒಂದು ಎಳೆಯಷ್ಟು ತಿಳಿಯಾಗಿತ್ತು, ಅಷ್ಟೇ. ಕೈಯಲ್ಲಿ ಹಿಡಿದು ಮತ್ತೆ ಮತ್ತೆ ನೋಡಿದೆ. “ಇದು ಎಲ್ಲೀದು, ಯಾಡಿ?”

“ಹಳ್ಳದ ವರ್ತೀದು.” ಹಳ್ಳದ ಉಸುಕಿನಲ್ಲಿ ಕೈಯಿಂದ ಗುಂಡಿ ತೋಡಿದರೆ ಒಸರುವ ನೀರಿಗೆ ನಮ್ಮ ಕಡೆ ವರ್ತಿ ಅನ್ನುತ್ತಾರೆ. “ನನ್ನ ತವರ ಮನಿ ತಾಂಡಾ ಇದ ಹಳ್ಳದ ಮ್ಯಾಲ ಐತಿ. ಹುಟ್ಟಿದಾಗಿಂದ ನಾ ಕುಡದದ್ದು ಇದ. ಮದಿವಿ ಆಗಿ ಬಂದ ಮ್ಯಾಲೂ ಇದನ್ನ ಹೊತ್ತೇನಿ. ಬೋರು ಬಿದ್ದ ಮ್ಯಾಲ ಯಾರು ದಿಬ್ಬ ಇಳಿದು ಹೋಗ್ತಾರ? ಬಿಟ್ವಿ. ಈಗ ನನ್ನ ಹಲ್ಲು ನೋಡು.”

ಬಾಯಿ ತೆರೆದು ತೋರಿಸಿದಳು. ಆಕೆಯ ಹಲ್ಲು ಬೆಳ್ಳಗಿದ್ದವು. ಆಕೆಯ ಓರಗೆಯ ಹೆಂಗಸರ ಹಲ್ಲೂ ಬಿಳಿ. ಬೋರು ಬಿದ್ದ ಮೇಲೆ ಬೆಳೆದ ನಮ್ಮವು ಮಾತ್ರ ಕಂದು. ಹುಟ್ಟಿದಾಗಿನಿಂದ ಕಂಡ ಮುಖ ಅದು. ರಸಾಯನಶಾಸ್ತ್ರ ಕಲಿತ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ನನ್ನ ಮಾತು ಕೇಳಿದ ದಿನದಿಂದ ಯಾಡಿ ತಾಂಡಾದ ಒಬ್ಬೊಬ್ಬರ ಬಾಯನ್ನೂ ನೋಡುತ್ತ, ತನ್ನಷ್ಟಕ್ಕೆ ಲೆಕ್ಕ ಹಾಕಿ, ಸೀಸೆ ತುಂಬಿಕೊಂಡು ಬಂದಿದ್ದಳು. ದೇಸಾಯಿ ಸರ್ ಮೆಲ್ಲಗೆ ಅಂದರು: “ಸೋನಾಬಾಯಿ, ಇವರ ಹೆಸರನ್ನೂ ವರದಿಯೊಳಗ ಬರಿ.” ಬರೆದೆ. ಮಾದರಿ ತಂದವರು ಎಂಬ ಕಡೆ ನನ್ನ ತಾಯಿಯ ಹೆಸರಿದೆ.

ಯಾಡಿ ಅಂದೇ ಸಂಜೆಯ ಬಸ್ಸಿಗೆ ಹೊರಟಳು. ಉಳಿ ಎಂದರೆ ಕೇಳಲಿಲ್ಲ. ಮೌಲಾಸಾಬ್ ಬಸ್ ನಿಲ್ದಾಣದವರೆಗೆ ಜೀಪಿನಲ್ಲಿ ಬಿಟ್ಟು ಬಂದರು. ಆಕೆ ಮನೆ ಮನೆಗೆ ಹೋಗಿ, “ನಾ ಕಣ್ಣಾರೆ ನೋಡೇನಿ, ಬೋರಿನ ನೀರು ಬಣ್ಣಾನ ತಿಂತೈತಿ” ಎಂದು ಹೇಳಿದಳು. ನನ್ನ ವರದಿಗೆ ಆಗದ್ದು ಆಕೆಯ ಮಾತಿಗೆ ಆಯಿತು. ಮೊದಲು ಬಸುರಿಯರಿರುವ ಮನೆಯವರು, ಆಮೇಲೆ ಸಣ್ಣ ಮಕ್ಕಳಿರುವವರು ದಿಬ್ಬ ಇಳಿದು ಕುಡಿಯುವ ನೀರನ್ನು ವರ್ತಿಯಿಂದ ತರತೊಡಗಿದರು. ಬಳಸಲು ಬೋರಿನದ್ದು, ಕುಡಿಯಲು ಹಳ್ಳದ್ದು. ಲಾಲಪ್ಪ ಕಾಕಾ ಮಾತ್ರ ಬೋರಿನ ನೀರನ್ನೇ ಕುಡಿದ. ಅಣ್ಣ ತಂದ ನೀರು ಬಿಡುವುದಿಲ್ಲ ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ನಾನು ಆ ಬೇಸಿಗೆ, ಮಳೆಗಾಲ, ಮುಂದಿನ ಬೇಸಿಗೆ ಪ್ರತಿ ತಿಂಗಳೂ ವರ್ತಿಯ ನೀರು ತಂದು ನೋಡಿದೆ. ಫ್ಲೋರೈಡ್ ಎಂದೂ ಮಿತಿ ದಾಟಲಿಲ್ಲ. ರೋಗಾಣು ಇದ್ದವು, ಅದಕ್ಕೆ ಔಷಧವಿತ್ತು. ದೇಸಾಯಿ ಸರ್ ಕಚೇರಿಯಿಂದ ಕಚೇರಿಗೆ ಪತ್ರ ಬರೆದರು. ಉತ್ತರ ಬರದಿದ್ದರೆ ತಾವೇ ಹೋಗಿ ಬೆಂಚಿನ ಮೇಲೆ ಕುಳಿತರು. ಹಳ್ಳದ ದಂಡೆಗೆ ಕಲ್ಲು ಕಟ್ಟಿದ ಬಾವಿ, ಅದರಿಂದ ತಾಂಡಾಕ್ಕೆ ಪೈಪು, ಒಂದು ತೊಟ್ಟಿ. ಇಷ್ಟು ಆಗುವಾಗ ಅವರು ನಿವೃತ್ತಿಯ ಅಂಚಿಗೆ ಬಂದಿದ್ದರು.

ನೀರು ಬಿಟ್ಟ ದಿನ ತಾಂಡಾದ ಜನರೆಲ್ಲ ತೊಟ್ಟಿಯ ಸುತ್ತ ಸೇರಿದ್ದರು. ಲಾಲಪ್ಪ ಕಾಕಾ ಪೇಟ ಸುತ್ತಿಕೊಂಡು ಬಂದ. ನಳದಿಂದ ಒಂದು ತಂಬಿಗೆ ತುಂಬಿ ನನ್ನ ಮುಂದೆ ಹಿಡಿದ. ಅವನ ಕಣ್ಣು ನನ್ನ ಕಡೆ ಇರಲಿಲ್ಲ. “ಮೊದಲ ನೀ ಕುಡಿ” ಅಂದ. ನಾನು ತಂಬಿಗೆ ತೆಗೆದುಕೊಂಡು ಯಾಡಿಗೆ ಕೊಟ್ಟೆ. ಆಕೆ ಒಂದು ಗುಟುಕು ಕುಡಿದು ಬಾಯಲ್ಲಿ ಆಡಿಸಿದಳು. ಎಲ್ಲರೂ ಆಕೆಯ ಮುಖ ನೋಡುತ್ತಿದ್ದರು.

“ಸಪ್ಪಗೈತಿ” ಅಂದಳು.

ಬೋರಿನ ಸವಳು ನೀರಿಗೆ ನಾಲಿಗೆ ಹೊಂದಿಕೊಂಡಿತ್ತು. ಇಡೀ ತಾಂಡಾ ನಕ್ಕಿತು. ಲಾಲಪ್ಪ ಕಾಕಾನೂ ನಕ್ಕ. ದೇಸಾಯಿ ಸರ್ ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದೆನೋ ಇಲ್ಲವೋ ನೆನಪಿಲ್ಲ.

ಯಾಡಿ ಅದಾದ ಮೇಲೆ ಬಹಳ ವರ್ಷ ಬದುಕಿದಳು. ಬಾಗಿದ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಎಲುಬಿಗೆ ಸೇರಿದ್ದು ಹಿಂದಕ್ಕೆ ಬರುವುದಿಲ್ಲ, ಇದು ನನಗೆ ಗೊತ್ತಿತ್ತು. ಆಕೆಗೂ ಹೇಳಿದ್ದೆ. ಆ ನೀರು ಸಪ್ಪಗಿದೆ ಎಂಬ ದೂರನ್ನೂ ಆಕೆ ಕೊನೆಯವರೆಗೆ ಬಿಡಲಿಲ್ಲ. ಆದರೆ ಗದಗಿಗೆ ನನ್ನ ಮನೆಗೆ ಬರುವಾಗ ಎರಡು ದೊಡ್ಡ ಬಾಟಲಿಯಲ್ಲಿ ಅದೇ ನೀರನ್ನು ತುಂಬಿ, ಬಾಯಿಗೆ ಅರಿವೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತರುತ್ತಿದ್ದಳು. ಎರಡು ದಿನ ಇದ್ದು ಹೋಗುವವರೆಗೆ ಅದನ್ನೇ ಅಳೆದು ಅಳೆದು ಕುಡಿಯುತ್ತಿದ್ದಳು. ನಮ್ಮ ಮನೆಯ ನಳದ ನೀರನ್ನು ಒಂದು ಲೋಟ ಮುಂದೆ ಹಿಡಿದರೆ ಕೈ ಚಾಚುತ್ತಿರಲಿಲ್ಲ.

“ಯಾಡಿ, ಇದೂ ಚಲೋ ನೀರ ಐತಿ” ಎನ್ನುತ್ತಿದ್ದೆ.

“ಇರಬಹುದು,” ಎನ್ನುತ್ತಿದ್ದಳು. “ನಾ ಏನ ಕಣ್ಣಾರೆ ನೋಡೇನೇನು?”